ಹಾಸಿಗೆಯೊಳಗಿನ ಕಂಬಳಿ

ಒಂದು ಹಾಸಿಗೆಯ ಸಂಗತಿಯಿಂದ ಶುರು ಮಾಡುತ್ತೇನೆ. 1914ನೆಯ ಇಸವಿಯ ಏಪ್ರಿಲ್ ತಿಂಗಳು. ಎರಡು ವರ್ಷದ ಹಿಂದೆ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆಗೆ ಸೇರಿದ್ದ ತರುಣರೊಬ್ಬರು ಹಡಗಿನಲ್ಲಿ ಇಂಗ್ಲೆಂಡಿಗೆ ಬಂದಿಳಿದರು. ತಂದೆ ಕುಂಭಕೋಣದ ಜವಳಿ ಅಂಗಡಿಯಲ್ಲಿ ಗುಮಾಸ್ತರು. ಮಗ ಸೇರಿದ್ದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು. ಹೆಸರು ಶ್ರೀನಿವಾಸ ರಾಮಾನುಜನ್. ಅವರ ಗಣಿತದ ಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟದ್ದು ಅವರ ನಿದ್ದೆಯ ಮಾತು.

ಚಳಿ ಬಂತು. ಅದೇ ಊರಿನ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಕಲ್ಕತ್ತೆಯ ಪ್ರಶಾಂತ ಚಂದ್ರ ಮಹಲನೋಬಿಸ್, ಮುಂದೆ ನಮ್ಮ ದೇಶದ ಸಂಖ್ಯಾಶಾಸ್ತ್ರಕ್ಕೆ ತಳಪಾಯ ಹಾಕಿದವರು, ಒಂದು ದಿನ ರಾಮಾನುಜನ್ ಅವರ ಕೋಣೆಗೆ ಹೋದರು. ಇವರು ಬೆಂಕಿಯ ಪಕ್ಕ ಕೂತಿದ್ದಾರೆ. ರಾತ್ರಿ ಬೆಚ್ಚಗೆ ಮಲಗುತ್ತೀರಾ ಎಂದು ಮಹಲನೋಬಿಸ್ ಕೇಳಿದರು. ಎಲ್ಲಿಯ ಬೆಚ್ಚಗೆ, ಓವರ್‌ಕೋಟು ಹಾಕಿಕೊಂಡು ಮೇಲೆ ಶಾಲು ಹೊದ್ದರೂ ಚಳಿ ಹೋಗುವುದಿಲ್ಲ ಎಂದರು ಇವರು. ಹೊದಿಕೆ ಕೊಟ್ಟಿಲ್ಲವೇನೋ ಎಂದು ಆತ ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಕಂಬಳಿಗಳು ಒಂದರ ಮೇಲೊಂದು ಇವೆ! ಆ ದೇಶದ ರೂಢಿಯಂತೆ ಅಂಚುಗಳನ್ನೆಲ್ಲ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಮುಚ್ಚುಬಟ್ಟೆ ಹಾಸಿದ್ದರು. ಆ ಬಟ್ಟೆ ಸರಿಸಿ ಕಂಬಳಿಯೊಳಗೆ ತೂರಿಕೊಂಡು ಮಲಗಬೇಕು ಅನ್ನುವುದು ರಾಮಾನುಜನ್ ಅವರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ. ಮಲಗುವುದನ್ನೂ ಯಾರಾದರೂ ಹೇಳಿಕೊಡುತ್ತಾರೆಯೇ? ಅಷ್ಟೂ ರಾತ್ರಿ ಅವರು ಕಂಬಳಿಗಳ ಮೇಲೆಯೇ ಮಲಗಿ ನಡುಗಿದ್ದರು.

ಈ ಪ್ರಸಂಗವನ್ನು ಓದಿ ನಕ್ಕವರನ್ನು ನಾನು ನೋಡಿದ್ದೇನೆ. ಮೇಧಾವಿಗಳಿಗೆ ಲೋಕಜ್ಞಾನ ಕಡಿಮೆ, ಅಂತ. ನನಗೆ ನಗು ಬರಲಿಲ್ಲ. ನಾನೂ ಕಂಬಳಿಯ ಮೇಲೆ ಮಲಗಿ ನಡುಗಿದವಳು.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಪಾಳಿ ಬದಲಾಗುವಾಗಿನ ಸೈರನ್ನೇ ನಮ್ಮ ಓಣಿಯ ಗಡಿಯಾರ. ಗಿರಣಿಗಳು ಬಾಗಿಲು ಹಾಕಿಕೊಳ್ಳುತ್ತ ಬಂದ ಮೇಲೆ ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿಗೆ ನಿಂತರು. ಅವ್ವ ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದಳು. ದಾವಣಗೆರೆಯ ಮಂಡಕ್ಕಿ ಮಿರ್ಚಿಯನ್ನು ಹೊಗಳದವರಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳುವಾಗ ಆ ಭಟ್ಟಿಯೊಳಗೆ ಒಂದು ಗಂಟೆ ನಿಂತು ನೋಡಿ ಹೊಗಳಿದರೆ ಇನ್ನೂ ಚೆನ್ನ. ಅವ್ವನ ಸೀರೆ ಒಗೆದರೂ ಹೊಗೆಯ ವಾಸನೆ ಬಿಡುತ್ತಿರಲಿಲ್ಲ.

ಮನೆಯಲ್ಲಿ ಇದ್ದ ಒಂದೇ ಬೆಲೆಬಾಳುವ ವಸ್ತು ರೇಡಿಯೋ. ಭದ್ರಾವತಿ ನಿಲಯದ ಕೃಷಿರಂಗದಿಂದ ಹಿಡಿದು ಇಂಥ ಭಾಷಣಗಳವರೆಗೆ ಎಲ್ಲವನ್ನೂ ಕೇಳುತ್ತಿದ್ದೆವು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ವಿಶ್ವವಿದ್ಯಾನಿಲಯದ ಮೇಷ್ಟರೊಬ್ಬರ ಮನೆಯ ಮಾತು ಹೀಗೆ ಹಮಾಲಿಯ ಮನೆಯ ಗೂಡಿನವರೆಗೆ ಬಂದಿತ್ತು. ವಿಶ್ವವಿದ್ಯಾನಿಲಯ ನಮ್ಮ ಮನೆಗೆ ಬಂದದ್ದು ಸುಲಭವಾಗಿಯೇ. ನಾನು ಅದರ ಮನೆಗೆ ಹೋದಾಗ ಕಷ್ಟವಾಯಿತು.

1996ರಲ್ಲಿ, ಊರಿನಲ್ಲೇ ಬಿ.ಎಸ್ಸಿ. ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಉತ್ತರದ ಒಂದು ಹೆಸರಾಂತ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಸೀಟು ಪಡೆದೆ. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ನಡೆದದ್ದು ಅಲ್ಲಿ ಮಾತ್ರ ನಡೆಯುವಂಥದ್ದೇನಲ್ಲ. ಎರಡು ರಾತ್ರಿಯ ರೈಲು ಪ್ರಯಾಣ. ಹೊರಡುವಾಗ ಅಪ್ಪ ಹೇಳಿದ್ದು ಒಂದೇ ಮಾತು: ‘ಹಾಸಿಗೆ ಇದ್ದಷ್ಟು ಕಾಲು ಚಾಚವ್ವಾ.’ ಅವ್ವ ಒಂದು ಚೀಲ ಮಂಡಕ್ಕಿ ಕಟ್ಟಿಕೊಟ್ಟಳು. ಚೀಲ ದೊಡ್ಡದು, ತೂಕ ಏನೂ ಇಲ್ಲ. ಮೂವರು ಕೂರುವ ಸೀಟಿನಲ್ಲಿ ಅದಕ್ಕೇ ಒಬ್ಬರ ಜಾಗ ಬೇಕಾಯಿತು; ಟಿ.ಸಿ. ಬಂದು ಇದಕ್ಕೂ ಟಿಕೆಟ್ ಇದೆಯಾ ಎಂದು ತಮಾಷೆ ಮಾಡಿದ.

ಅಲ್ಲಿ ನನ್ನನ್ನು ಯಾರೂ ಹೀಯಾಳಿಸಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಬಡವರ ಮಗಳ ಪುಸ್ತಕ ಕೆಳಗೆ ಬೀಳಿಸಿ ನಗುವ ಶ್ರೀಮಂತ ಹುಡುಗಿ ಅಲ್ಲಿರಲಿಲ್ಲ. ಎಲ್ಲರೂ ಒಳ್ಳೆಯವರೇ. ಮೊದಲ ವಾರ ಊಟದ ಮೇಜಿನಲ್ಲಿ ಒಬ್ಬಳು ಸಹಜವಾಗಿ ಕೇಳಿದಳು, ನಿನ್ನ ತಂದೆ ಏನು ಮಾಡುತ್ತಾರೆ? ಆ ಮೇಜಿನಲ್ಲಿ ಒಬ್ಬಳ ತಂದೆ ಡಾಕ್ಟರು, ಒಬ್ಬಳ ತಾಯಿ ಪ್ರೊಫೆಸರು, ಇನ್ನೊಬ್ಬಳ ತಂದೆ ಸೈನ್ಯದಲ್ಲಿ ಕರ್ನಲ್. ನನ್ನ ಬಾಯಿಂದ ‘ಅಕ್ಕಿ ವ್ಯಾಪಾರ’ ಎಂದು ಬಂತು. ಪೂರ್ತಿ ಸುಳ್ಳಲ್ಲ ನೋಡಿ. ಊರಿಗೆ ಬಂದ ಅಕ್ಕಿಯಲ್ಲಿ ಎಷ್ಟೋ ಚೀಲ ಅಪ್ಪನ ಬೆನ್ನ ಮೇಲೆಯೇ ಹಾದುಹೋಗಿದ್ದವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಯಾರ ಮುಂದೆಯೂ ತನ್ನ ಕೆಲಸದ ಹೆಸರು ಮರೆಸಿದವರಲ್ಲ. ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡೇ ನನ್ನ ಹೈಸ್ಕೂಲಿನ ಪೋಷಕರ ಸಭೆಗೆ ಬಂದವರು.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಾಗುತ್ತದೆ. ಅಕ್ಕಿ ವ್ಯಾಪಾರಿಯ ಮಗಳು ಹುಟ್ಟುಹಬ್ಬದ ಊಟಕ್ಕೆ ತಲಾ ನೂರು ರೂಪಾಯಿ ಹಾಕದೆ ಇರುತ್ತಾಳೆಯೇ? ನನಗೆ ಆ ದಿನಗಳಲ್ಲಿ ತಪ್ಪದೆ ತಲೆನೋವು ಬರುತ್ತಿತ್ತು. ನಾಲ್ಕು ದಿನ ರಜೆ ಬಂದರೆ ಹಾಸ್ಟೆಲ್ ಖಾಲಿ. ನನಗೆ ಆಗ ‘ಓದುವುದು ಬಹಳ’ ಇರುತ್ತಿತ್ತು. ಮೆಸ್ಸಿನ ಬಿಲ್ಲು ತುಂಬಲು ಎರಡು ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಪ್ರಯೋಗಾಲಯ ಮುಗಿದ ಕೂಡಲೇ ಓಡುತ್ತಿದ್ದುದನ್ನು ನೋಡಿ ಸಹಪಾಠಿಗಳು ನನಗೆ ಯಾರೋ ಹುಡುಗ ಗಂಟು ಬಿದ್ದಿದ್ದಾನೆ ಎಂದುಕೊಂಡಿದ್ದರು. ಆ ಅನುಮಾನವನ್ನು ನಾನು ಬಿಡಿಸಲಿಲ್ಲ, ಹೇಳಿಕೊಳ್ಳಲು ಅದೇ ಹೆಚ್ಚು ಮರ್ಯಾದೆಯದು ಅನ್ನಿಸಿತ್ತು!

ಇಂಗ್ಲಿಷ್ ಇನ್ನೊಂದು ತೊಡಕು. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಪುಸ್ತಕದ ಇಂಗ್ಲಿಷ್ ಬರುತ್ತಿತ್ತು, ಹರಟೆಯ ಇಂಗ್ಲಿಷ್ ಬರುತ್ತಿರಲಿಲ್ಲ. ಸೆಮಿನಾರಿನಲ್ಲಿ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ವ್ಯಾಕರಣ ಸರಿಮಾಡಿ, ಬಾಯಿ ತೆರೆಯುವ ಹೊತ್ತಿಗೆ ಚರ್ಚೆ ಎರಡು ಊರು ದಾಟಿರುತ್ತಿತ್ತು. ಆದರೆ ಇಂಗ್ಲಿಷ್ ಒಂದು ವರ್ಷದಲ್ಲಿ ಕೈಗೆ ಬಂತು. ಅದನ್ನು ದೊಡ್ಡದು ಮಾಡಿ ಹೇಳಲಾರೆ.

ಕೈಗೆ ಬಾರದೆ ಉಳಿದದ್ದು ಬೇರೆ. ನಮ್ಮ ಪ್ರಾಧ್ಯಾಪಕರೊಬ್ಬರು ಮೊದಲ ದಿನವೇ, ಯಾವಾಗ ಬೇಕಾದರೂ ನನ್ನ ಕೋಣೆಗೆ ಬನ್ನಿ ಎಂದರು. ಉಳಿದವರು ಹೋದರು. ಕಾಫಿ ಕುಡಿದು ಬಂದರು. ನಾನು ಹೋಗಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರ ಕೋಣೆಗೆ ಹೋಗುವುದೆಂದರೆ ಬೈಸಿಕೊಳ್ಳಲು ಹೋಗುವುದು. ಗಿರಣಿಯ ಸಾಹೇಬರು ಕರೆದಿದ್ದಾರೆ ಎಂದರೆ ಅಪ್ಪನ ಮುಖ ಕಪ್ಪಿಡುತ್ತಿತ್ತು. ಕೇಳದೆ ಇರುವುದು, ಎದುರು ಬೀಳದೆ ಇರುವುದು, ಕೆಲಸ ಮಾಡಿ ಸುಮ್ಮನೆ ಬರುವುದು: ಇದನ್ನೇ ನಮ್ಮಲ್ಲಿ ಒಳ್ಳೆಯತನ ಎಂದು ಕಲಿಸಿದ್ದರು. ಅಲ್ಲಿ ಅದೇ ಗುಣಕ್ಕೆ ‘ಆಸಕ್ತಿ ಸಾಲದು’ ಎಂದು ಹೆಸರು. ಬೇಸಿಗೆಯಲ್ಲಿ ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ಕಲಿಯುವ ಅವಕಾಶವಿದೆ ಎಂದೂ, ಅದಕ್ಕೆ ಪ್ರಾಧ್ಯಾಪಕರನ್ನು ಕೇಳಿ ಶಿಫಾರಸು ಪತ್ರ ಪಡೆಯಬೇಕೆಂದೂ ನನಗೆ ಗೊತ್ತಾದದ್ದು ಎಲ್ಲರೂ ಪೆಟ್ಟಿಗೆ ಕಟ್ಟುತ್ತಿದ್ದಾಗ. ನಾನು ಅಲ್ಲಿಯವರೆಗೆ, ಹೆಚ್ಚು ಅಂಕ ಬಂದವರ ಪಟ್ಟಿ ಮಾಡಿ ನೋಟೀಸ್ ಬೋರ್ಡಿಗೆ ಅಂಟಿಸುತ್ತಾರೆ ಎಂದುಕೊಂಡಿದ್ದೆ. ತರಗತಿಯಲ್ಲಿ ನನಗೆ ಮೂರನೆಯ ಸ್ಥಾನ ಬಂದಿತ್ತು. ಬೋರ್ಡು ನೋಡುತ್ತ ಕಾದೆ.

ಇದನ್ನು ಹೆಸರಿಟ್ಟು ಹೇಳಿದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ. 1930ರಲ್ಲಿ ಆ ದೇಶದ ನೈಋತ್ಯದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದವರು, ತಂದೆ ಅಂಚೆ ನೌಕರ. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಎಂಬ, ಮಂತ್ರಿಗಳನ್ನೂ ತತ್ತ್ವಜ್ಞಾನಿಗಳನ್ನೂ ತಯಾರು ಮಾಡುವ ಸಂಸ್ಥೆಯಲ್ಲಿ ಓದಿದರು. 1964ರಲ್ಲಿ ಪಾಸೆರೋನ್ ಎಂಬ ಗೆಳೆಯರ ಜತೆ ಒಂದು ಪುಸ್ತಕ ತಂದರು; ಅದರ ಹೆಸರು ಕನ್ನಡದಲ್ಲಿ ‘ವಾರಸುದಾರರು’ ಎಂದಾಗುತ್ತದೆ. ಹೊಲಮನೆ ಮಾತ್ರ ಆಸ್ತಿಯಲ್ಲ, ಮಾತಿನ ಧಾಟಿ, ಪುಸ್ತಕದ ಸಹವಾಸ, ದೊಡ್ಡವರ ಎದುರು ಹೆದರದೆ ಕೂರುವ ಭಂಗಿ ಇವೂ ಅಪ್ಪನಿಂದ ಮಗನಿಗೆ ಬರುವ ಆಸ್ತಿಯೇ ಎಂಬುದು ಅವರ ವಾದದ ತಿರುಳು. ವಿದ್ಯಾಲಯ ಈ ಆಸ್ತಿಯನ್ನು ನೋಡಿ ಅದಕ್ಕೆ ಪ್ರತಿಭೆ ಎಂದು ಅಂಕ ಕೊಡುತ್ತದೆ. ಇಲ್ಲದವರು ತಮಗೆ ಬುದ್ಧಿ ಸಾಲದು ಎಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಬೋರ್ದ್ಯೂ ಬರಹ ಬಲು ಕಷ್ಟ, ಒಂದು ವಾಕ್ಯ ಅರ್ಧ ಪುಟ ಹೋಗುತ್ತದೆ. ಅಂಚೆ ನೌಕರನ ಮಗನಾಗಿ ಇಷ್ಟು ಕಷ್ಟವಾಗಿ ಯಾಕೆ ಬರೆದರೋ ಎಂದು ನನಗೆ ಸಿಟ್ಟೂ ಬಂದದ್ದಿದೆ. ಆಮೇಲೆ ಅನ್ನಿಸಿತು, ಆ ಮನೆಯೊಳಗೆ ಒಳಗಿನವರಂತೆ ಕೂರಬೇಕಾದರೆ ಅವರೂ ಆ ಭಾಷೆಯನ್ನೇ ಹೊದ್ದುಕೊಳ್ಳಬೇಕಾಯಿತೇನೋ.

ಈ ಸಂಗತಿಗೆ ಬಹಳ ಹಳೆಯ ಚರಿತ್ರೆಯಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಶತಮಾನಗಳ ಕಾಲ ಬಡ ಹುಡುಗರಿಗೆ ಒಂದು ದಾರಿಯಿತ್ತು: ಶುಲ್ಕ ಕಡಿಮೆ, ಬದಲಿಗೆ ಸಿರಿವಂತ ವಿದ್ಯಾರ್ಥಿಗಳ ಚಾಕರಿ. ಕೇಂಬ್ರಿಜ್ಜಿನಲ್ಲಿ ಅವರನ್ನು ಸೈಜರ್ ಎನ್ನುತ್ತಿದ್ದರು, ಆಕ್ಸ್‌ಫರ್ಡಿನಲ್ಲಿ ಸರ್ವಿಟರ್. 1661ರಲ್ಲಿ ಐಸಾಕ್ ನ್ಯೂಟನ್ ಟ್ರಿನಿಟಿಗೆ ಸೇರಿದ್ದು ಈ ಸಾಲಿನಲ್ಲೇ. ಗುರುತ್ವಾಕರ್ಷಣೆಯ ಪಾಠ ಮಾಡುವಾಗ ನಾನು ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳದೆ ಬಿಡುವುದಿಲ್ಲ.

ಸ್ಯಾಮ್ಯುಯೆಲ್ ಜಾನ್ಸನ್ ಅವರ ಕಥೆ ಇನ್ನೂ ಒಳಗೆ ನಾಟುತ್ತದೆ. ಇಂಗ್ಲಿಷಿಗೆ ದೊಡ್ಡ ನಿಘಂಟು ಕಟ್ಟಿಕೊಟ್ಟ ಜಾನ್ಸನ್. ತಂದೆ ಲಿಚ್‌ಫೀಲ್ಡ್ ಊರಿನ ಪುಸ್ತಕ ವ್ಯಾಪಾರಿ, ಸಾಲದಲ್ಲಿ ಮುಳುಗಿದವರು. 1728ರಲ್ಲಿ ಜಾನ್ಸನ್ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜು ಸೇರಿದರು. ಬೇರೆ ಕಾಲೇಜಿನಲ್ಲಿದ್ದ ಗೆಳೆಯನೊಬ್ಬನ ಹತ್ತಿರ ಹೋಗಿ ಅಲ್ಲಿಯ ಪಾಠಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಬೂಟು ಎಷ್ಟು ಸವೆದಿತ್ತೆಂದರೆ ಕಾಲು ಹೊರಗೆ ಕಾಣುತ್ತಿತ್ತು. ಅಲ್ಲಿಯ ಹುಡುಗರು ಅದನ್ನು ಗಮನಿಸಿದ್ದು ಗೊತ್ತಾಗಿ ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಯಾರೋ ಪುಣ್ಯಾತ್ಮರು ಹೊಸ ಬೂಟಿನ ಜೋಡಿಯೊಂದನ್ನು ಇವರ ಬಾಗಿಲಲ್ಲಿ ಇಟ್ಟುಹೋದರು. ಜಾನ್ಸನ್ ಅದನ್ನು ಎತ್ತಿ ಎಸೆದುಬಿಟ್ಟರು. ಹದಿಮೂರು ತಿಂಗಳಿಗೆ, ದುಡ್ಡು ಸಾಲದೆ, ಪದವಿಯಿಲ್ಲದೆ ಊರಿಗೆ ಮರಳಿದರು. ಅದೇ ಆಕ್ಸ್‌ಫರ್ಡ್ ಅವರಿಗೆ ಡಾಕ್ಟರ್ ಪದವಿ ಕೊಟ್ಟದ್ದು 1775ರಲ್ಲಿ.

ಬೂಟು ಎಸೆದದ್ದು ಮೂರ್ಖತನ ಎಂದು ಹೇಳುವುದು ಸುಲಭ. ಇಟ್ಟವರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ಬಾಗಿಲಲ್ಲಿ ಇಟ್ಟು ಹೋದ ಬೂಟು ಹೇಳುವ ಮಾತು ಒಂದೇ: ನಿನ್ನ ಕಾಲನ್ನು ನಾವೆಲ್ಲ ನೋಡಿದ್ದೇವೆ. ಮಹಲನೋಬಿಸ್ ಮಾಡಿದ್ದು ಇದಲ್ಲ. ಆತ ರಾಮಾನುಜನ್ ಅವರಿಗೆ ಕಂಬಳಿ ದಾನ ಮಾಡಲಿಲ್ಲ. ಇವರದೇ ಮಂಚದ ಮೇಲೆ ಇವರದೇ ಆಗಿದ್ದ ಕಂಬಳಿಯನ್ನು ಸರಿಸಿ ತೋರಿಸಿದರು. ಬೂಟಿಗೂ ಕಂಬಳಿಗೂ ಇರುವ ಈ ಅಂತರ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ನಮ್ಮಲ್ಲಿ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಯ ಊಟ ಹಿಡಿದು ಓದಿದವರ ದೊಡ್ಡ ಪಡೆಯೇ ಹಳೆಯ ಮೈಸೂರು ಸೀಮೆಯಲ್ಲಿದೆ. ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ತಾವು ಓದಲು ಪಟ್ಟ ಪಾಡನ್ನು ಬರೆದುಕೊಂಡಿದ್ದಾರೆ, ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿದ್ದನ್ನೂ ಮುಚ್ಚಿಟ್ಟಿಲ್ಲ. ಅದನ್ನು ಓದಿದ ದಿನ ನನ್ನ ‘ಅಕ್ಕಿ ವ್ಯಾಪಾರ’ ನೆನಪಾಗಿ ನಾಚಿಕೆಯಾಯಿತು. ವಾರಾನ್ನ ಹಾಕಿದವರ ಪುಣ್ಯ ದೊಡ್ಡದೇ. ಆದರೆ ಮನೆಯವರಿಗೆ ಹುಷಾರಿಲ್ಲದ ದಿನ ಹುಡುಗನಿಗೆ ಉಪವಾಸ, ಮನೆಯವರು ಮುಖ ಸಿಂಡರಿಸಿದ ದಿನ ತುತ್ತು ಗಂಟಲಲ್ಲಿ ಇಳಿಯದು. ಹಾಸ್ಟೆಲು ಬಂದದ್ದರಿಂದ ಆದ ದೊಡ್ಡ ಉಪಕಾರ ಊಟವಲ್ಲ. ಊಟಕ್ಕಾಗಿ ಯಾರ ಮುಖವನ್ನೂ ನೋಡಬೇಕಾಗಿಲ್ಲ ಅನ್ನುವುದು.

ಡಾಕ್ಟರ್ ಎಚ್. ನರಸಿಂಹಯ್ಯನವರ ಹೆಸರು ಕೇಳದವರಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಎರಡು ದಿನ ನಡೆದು ಬೆಂಗಳೂರು ಮುಟ್ಟಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದದ್ದು ಇನ್ನೊಂದು: ಅವರು ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಬಾಳಿದರು. ಅಪರಿಚಿತವಾಗಿ ಬಂದು ಸೇರಿದ ಜಾಗವನ್ನು ಮನೆ ಮಾಡಿಕೊಂಡು, ಆಮೇಲೆ ಬರುವ ಹುಡುಗರು ಬಾಗಿಲು ತಟ್ಟುವ ಹಾಗೆ ಅಲ್ಲೇ ಕೂತರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. ನನ್ನ ಕಷ್ಟ ದುಡ್ಡಿನದು, ನಡವಳಿಕೆಯದು. ಸುಳ್ಳು ಹೇಳಿ ಅದನ್ನು ಮುಚ್ಚಬಹುದಿತ್ತು, ಮುಚ್ಚಿದೆ. ನನ್ನ ಪಕ್ಕದ ಕೋಣೆಯವಳಿಗೆ ಆ ಅನುಕೂಲವಿರಲಿಲ್ಲ. ಅವಳ ಹೆಸರಿನ ಕೊನೆಯ ತುಂಡು ಕೇಳಿದ ಕೂಡಲೇ ಎದುರಿನವರ ಮುಖದಲ್ಲಿ ಒಂದು ಲೆಕ್ಕ ಓಡುತ್ತಿತ್ತು: ಇವಳಿಗೆ ಎಷ್ಟು ಅಂಕಕ್ಕೆ ಸೀಟು ಸಿಕ್ಕಿರಬಹುದು? ನಮ್ಮ ದೇಶದಲ್ಲಿ ದುಡಿಯುವವರ ಮಕ್ಕಳು ಎಂದಾಗ ಜಾತಿಯನ್ನು ಬಿಟ್ಟು ಮಾತಾಡಿದರೆ ಅರ್ಧ ಸತ್ಯ. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಸರ್ಕಾರದ ಸವಲತ್ತು ಪಡೆದವರನ್ನು ಅಣಕಿಸುವ ಮಾತನ್ನೇ ಎತ್ತಿ ಮುಖಪುಟಕ್ಕೆ ಹಾಕಿದರು. ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದವರು ನಕ್ಕು ಸುಸ್ತಾಗುತ್ತಾರೆ, ಪುಸ್ತಕ ಮುಚ್ಚಿದ ಮೇಲೆ ಯಾತಕ್ಕೆ ನಕ್ಕೆವು ಎಂದು ಸಂಕಟವಾಗುತ್ತದೆ. ನನ್ನ ಕಂಬಳಿಯ ಕಥೆಯನ್ನು ಅವರ ಪಾಡಿನ ಪಕ್ಕ ಇಟ್ಟು ಒಂದೇ ಎನ್ನುವ ಧೈರ್ಯ ನನಗಿಲ್ಲ.

ನನ್ನ ಮಂಚದ ಮುಚ್ಚುಬಟ್ಟೆ ಸರಿಸಿದವಳು ಕೇರಳದ ಕೊಲ್ಲಂ ಕಡೆಯ ಹಿರಿಯ ವಿದ್ಯಾರ್ಥಿನಿ. ಅವಳ ತಾಯಿ ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಒಡೆಯುವವರು. ಎರಡನೆಯ ಸೆಮಿಸ್ಟರಿನ ಒಂದು ಸಂಜೆ ನಾನು ಮಂಡಕ್ಕಿಗೆ ನೀರು ಚಿಮುಕಿಸಿ, ಉಪ್ಪು ಈರುಳ್ಳಿ ಕಲಸಿ ರಾತ್ರಿಯ ಊಟ ಮುಗಿಸುತ್ತಿದ್ದೆ. ಮೆಸ್ಸಿನ ಊಟ ತಿಂಗಳಿಗೆ ಹತ್ತು ದಿನ ನಿಲ್ಲಿಸಿದರೆ ಬಿಲ್ಲು ಕಡಿಮೆ ಬರುತ್ತದೆ ಅನ್ನುವುದು ನಾನು ಕಂಡುಹಿಡಿದ ಅರ್ಥಶಾಸ್ತ್ರ. ಅವಳು ಬಂದು, ಒಂದು ಮುಷ್ಟಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು, ‘ಚೆನ್ನಾಗಿದೆ, ಆದರೆ ಇದು ಊಟ ಅಲ್ಲ’ ಎಂದಳು. ನಿನ್ನ ತಂದೆ ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ತನ್ನ ತಾಯಿಯ ಬೆರಳುಗಳ ಬಣ್ಣ ಹೇಳಿದಳು. ಗೋಡಂಬಿ ಸಿಪ್ಪೆಯ ಎಣ್ಣೆ ತಗಲಿ ಚರ್ಮ ಸುಟ್ಟು ಕಪ್ಪಾಗಿರುತ್ತದಂತೆ. ನಾನು ಅವ್ವನ ಸೀರೆಯ ಹೊಗೆಯ ವಾಸನೆ ಹೇಳಿದೆ. ಅಲ್ಲಿಗೆ ಬಂದು ಎಂಟು ತಿಂಗಳಾದ ಮೇಲೆ ನಾನು ಆಡಿದ ಮೊದಲ ನಿಜವಾದ ಮಾತು ಅದು.

ಮಾರನೆಯ ದಿನ ಅವಳು ನನ್ನನ್ನು ಆಡಳಿತ ಕಚೇರಿಯ ಎರಡನೆಯ ಮಹಡಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಅರ್ಜಿ ನಮೂನೆ ಇತ್ತು. ವಾರ್ಷಿಕ ಆದಾಯ ಇಷ್ಟಕ್ಕಿಂತ ಕಡಿಮೆ ಇದ್ದವರಿಗೆ ಮೆಸ್ಸಿನ ಖರ್ಚಿನಲ್ಲಿ ಅರ್ಧ ಮಾಫಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಸಾಕು. ಗುಮಾಸ್ತರು ಬೀರುವಿನ ಕೆಳಗಿನ ಖಾನೆಯಿಂದ, ಧೂಳು ಕೊಡವಿ, ಒಂದು ಹಾಳೆ ತೆಗೆದುಕೊಟ್ಟರು. ಈ ಸೌಲಭ್ಯ ಯಾವಾಗಿನಿಂದ ಇದೆ ಎಂದು ಕೇಳಿದೆ. ಮೊದಲಿನಿಂದಲೂ ಇದೆ ಎಂದರು. ಮತ್ತೆ ನಮಗೆ ಯಾಕೆ ಹೇಳಲಿಲ್ಲ? ಅವರು ನನ್ನನ್ನು ವಿಚಿತ್ರವಾಗಿ ನೋಡಿ, ‘ನೀವು ಕೇಳಲಿಲ್ಲವಲ್ಲ’ ಎಂದರು.

ಕೇಳಲಿಲ್ಲವಲ್ಲ! ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಯಮದ ಪ್ರಕಾರ ಸರಿಯಾಗಿಯೇ ಇದ್ದರು. ಕೇಂಬ್ರಿಜ್ಜಿನಲ್ಲಿ ರಾಮಾನುಜನ್ ಅವರ ಮಂಚ ಸಿದ್ಧಮಾಡಿದ ಕೆಲಸದವರೂ ಸರಿಯಾಗಿಯೇ ಇದ್ದರು. ಹೊದಿಕೆಯಲ್ಲಿ ಒಂದೂ ಕಡಿಮೆ ಮಾಡಿರಲಿಲ್ಲ.

ಈಗ ಕಾಲ ಬದಲಾಗಿದೆ, ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ ಎನ್ನುತ್ತಾರೆ. 2024ರ ಒಂದು ಪ್ರಕರಣ ಕೇಳಿ. ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ದಿನಗೂಲಿಯೊಬ್ಬರ ಮಗ, ದಲಿತ ಹುಡುಗ, ಧನಬಾದಿನ ಐಐಟಿಯಲ್ಲಿ ಸೀಟು ಗಿಟ್ಟಿಸಿದ. ಸೀಟು ಉಳಿಸಿಕೊಳ್ಳಲು ಜೂನ್ 24ರ ಸಂಜೆ ಐದು ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಿತ್ತು. ಮನೆಯವರು ದುಡ್ಡು ಹೊಂದಿಸುವಷ್ಟರಲ್ಲಿ ಹೊತ್ತು ಮೀರಿ ಜಾಲತಾಣದ ಬಾಗಿಲು ಮುಚ್ಚಿತು. ಹುಡುಗ ಆ ಆಯೋಗ ಈ ನ್ಯಾಯಾಲಯ ಎಂದು ಅಲೆದು ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದ. ಸೆಪ್ಟೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಸಂವಿಧಾನದ 142ನೆಯ ವಿಧಿಯ ವಿಶೇಷಾಧಿಕಾರ ಬಳಸಿ ಅವನಿಗೆ ಸೀಟು ಕೊಡಿಸಿತು. ನ್ಯಾಯ ಸಿಕ್ಕಿತು, ಸಂತೋಷ. ಆದರೆ 17,500 ರೂಪಾಯಿ ಹೊಂದಿಸಲು ನಾಲ್ಕು ದಿನ ಸಾಲದ ಮನೆಗಳು ಈ ದೇಶದಲ್ಲಿವೆ ಎಂದು ಆ ವೇಳಾಪಟ್ಟಿ ಮಾಡಿದವರಿಗೆ ಹೊಳೆಯದೆ ಹೋಯಿತಲ್ಲ, ಅದಕ್ಕೆ ಯಾವ ವಿಧಿ?

ಊರಿಗೆ ಮರಳಿದಾಗಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. 1997ರ ಆಗಸ್ಟಿನಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಮುಂದಿನ ರಜೆಗೆ ಬಂದಾಗ ಊರಿಗೆಲ್ಲ ಜಿಲ್ಲಾ ಕೇಂದ್ರದ ಬಿಂಕ. ನನ್ನಲ್ಲೂ ಏನೋ ಬದಲಾಗಿತ್ತು, ಮೊದಲು ಗುರುತಿಸಿದವಳು ಅವ್ವ. ‘ಏನವ್ವಾ, ನಮ್ಮ ಕೂಟ ಮಾತಾಡುವಾಗಲೂ ಯೋಚನೆ ಮಾಡಿ ಮಾತಾಡ್ತೀಯಲ್ಲ’ ಎಂದಳು. ಅಲ್ಲಿ ಇಂಗ್ಲಿಷಿಗೆ ಮಾಡುತ್ತಿದ್ದ ತಿದ್ದುಪಡಿಯನ್ನು ನಾನು ಇಲ್ಲಿ ಕನ್ನಡಕ್ಕೂ ಮಾಡತೊಡಗಿದ್ದೆ. ಅಪ್ಪ ನನ್ನ ಎದುರು ಬೀಡಿ ಸೇದುವುದನ್ನು ಬಿಟ್ಟಿದ್ದರು. ದೊಡ್ಡ ಸಾಹೇಬರು ಮನೆಗೆ ಬಂದಂತೆ ಗೋಡೆಗೆ ಒರಗದೆ ನೆಟ್ಟಗೆ ಕೂರುತ್ತಿದ್ದರು. ಅದನ್ನು ನೋಡಿ ನನಗಾದ ನೋವು ಆ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಪಟ್ಟದ್ದಕ್ಕಿಂತ ದೊಡ್ಡದು. 2022ರಲ್ಲಿ ನೊಬೆಲ್ ಪಡೆದ ಫ್ರೆಂಚ್ ಲೇಖಕಿ ಆನಿ ಎರ್ನೋ, ಸಣ್ಣ ಊರಿನಲ್ಲಿ ಕಾಫಿ-ಕಿರಾಣಿ ಅಂಗಡಿ ಇಟ್ಟಿದ್ದ ತನ್ನ ತಂದೆಯ ಬಗ್ಗೆ 1983ರಲ್ಲಿ ಒಂದು ಪುಟ್ಟ ಪುಸ್ತಕ ಬರೆದರು. ಓದಿದ ಮಗಳಿಗೂ ಓದದ ತಂದೆಗೂ ನಡುವೆ ಬೆಳೆದ ದೂರವೇ ಅದರ ವಸ್ತು. ಅಲಂಕಾರವಿಲ್ಲದ, ಒಣಗಿದ ಕಟ್ಟಿಗೆಯಂಥ ಭಾಷೆ. ಅದನ್ನು ಮುಗಿಸಿ ನಾನು ಅಪ್ಪನಿಗೆ ಒಂದು ಕಾಗದ ಬರೆಯಬೇಕೆಂದು ಕೂತೆ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ.

ಈಗ ಇದೇ ಸೀಮೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪ್ರತಿ ವರ್ಷ ನಮ್ಮಲ್ಲಿಂದ ಇಬ್ಬರೋ ಮೂವರೋ ಬೆಂಗಳೂರು, ಮುಂಬಯಿ, ದೆಹಲಿಯ ದೊಡ್ಡ ಸಂಸ್ಥೆಗಳಿಗೆ ಹೋಗುತ್ತಾರೆ. ಹೋಗುವ ಮೊದಲು ಅವರನ್ನು ಮನೆಗೆ ಕರೆದು ಒಂದು ಸಂಜೆ ಕೂರಿಸಿಕೊಳ್ಳುತ್ತೇನೆ. ಭೌತವಿಜ್ಞಾನದ ಮಾತು ಆಡುವುದಿಲ್ಲ. ಪ್ರಾಧ್ಯಾಪಕರು ಬನ್ನಿ ಎಂದರೆ ನಿಜವಾಗಿ ಬನ್ನಿ ಎಂದೇ ಅರ್ಥ, ಹೋಗಿ ಎನ್ನುತ್ತೇನೆ. ಶಿಫಾರಸು ಪತ್ರ ಕೇಳುವುದು ಭಿಕ್ಷೆಯಲ್ಲ, ಅದನ್ನು ಬರೆಯುವುದು ಅವರ ಕೆಲಸದ ಭಾಗ. ವಿದ್ಯಾರ್ಥಿವೇತನದ ಕೋಣೆ ಯಾವ ಮಹಡಿಯಲ್ಲಿದೆ ಎಂದು ಮೊದಲ ವಾರವೇ ಹುಡುಕಿ. ನಿಮ್ಮಂಥ ಮನೆಯಿಂದ ಬಂದ ಇನ್ನೊಬ್ಬರು ಅಲ್ಲಿ ಇದ್ದೇ ಇರುತ್ತಾರೆ, ಅವರೂ ಸುಳ್ಳು ಹೇಳಿಕೊಂಡು ತಿರುಗುತ್ತಿರುತ್ತಾರೆ, ಪತ್ತೆ ಮಾಡಿ. ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ ಏನು ಹೇಳಬೇಕು ಮೇಡಂ ಎಂದು ಹೋದ ವರ್ಷ ಒಬ್ಬ ಹುಡುಗ ಕೇಳಿದ. ಅವನ ತಂದೆ ಗಾರೆ ಕೆಲಸದವರು. ನಿನಗೆ ಹೇಳಬೇಕು ಅನ್ನಿಸಿದಾಗ ಹೇಳು, ಅನ್ನಿಸದಿದ್ದರೆ ಬೇಡ, ಆದರೆ ಅಕ್ಕಿ ವ್ಯಾಪಾರ ಅಂತ ಮಾತ್ರ ಹೇಳಬೇಡಪ್ಪ, ಸಾಕುವುದು ಬಹಳ ಖರ್ಚು ಎಂದೆ.

ಈ ಮಾತು ಕೇಳುತ್ತಿರುವವರಲ್ಲಿ ಮೇಷ್ಟರುಗಳಿದ್ದರೆ, ಕಾಲೇಜು ಕಚೇರಿಗಳಲ್ಲಿ ಕೆಲಸ ಮಾಡುವವರಿದ್ದರೆ, ನಿಮ್ಮಲ್ಲಿ ಒಂದು ಬೇಡಿಕೆ. ಬೀರುವಿನ ಕೆಳಗಿನ ಖಾನೆಯಲ್ಲಿರುವ ಅರ್ಜಿಗಳನ್ನು ಮೊದಲ ದಿನವೇ ಎಲ್ಲರ ಕೈಗೂ ಕೊಟ್ಟುಬಿಡಿ. ಬೇಕಾದವರು ಎದ್ದು ನಿಲ್ಲಿ ಎನ್ನಬೇಡಿ, ಯಾರೂ ನಿಲ್ಲುವುದಿಲ್ಲ. ಡಾಕ್ಟರ ಮಗಳಿಗೂ ಕೊಡಿ, ಹಮಾಲಿಯ ಮಗಳಿಗೂ ಕೊಡಿ. ಬೇಡದವರು ಅದರಲ್ಲಿ ದೋಣಿ ಮಾಡಿಕೊಳ್ಳಲಿ. ಹಾಳೆಯೊಂದಕ್ಕೆ ಎಷ್ಟು ಮಹಾ ಖರ್ಚು? ಇನ್ನು ನಮ್ಮ ಕಾಲೇಜಿನ ಮಕ್ಕಳು ಯಾರಾದರೂ ಕೇಳುತ್ತಿದ್ದರೆ, ಶುಲ್ಕ ಮಾಫಿಯ ಅರ್ಜಿ ಕಚೇರಿಯ ಎರಡನೆಯ ಕಿಟಕಿಯಲ್ಲಿ ಸಿಗುತ್ತದೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಲು ಕೆಲವು ದಿನ ಹಿಡಿಯುತ್ತದೆ, ಕೊನೆಯ ದಿನದವರೆಗೆ ಕಾಯಬೇಡಿ.